ಅವ್ವನ ಸೇರಿಗೆ ಎಷ್ಟು ಗ್ರಾಂ

ಅನುಮಾನ ಪಡುವುದೇ ನನ್ನ ಕೆಲಸವಾಗಿತ್ತು. ಸಂಡೂರಿನ ಗುಡ್ಡಗಳ ನಡುವೆ ಒಂದು ಅದಿರಿನ ಕ್ಯಾಂಪು, ಅದರ ಅಂಚಿಗೆ ತಗಡಿನ ಮಾಡಿನ ಲ್ಯಾಬು, ಅದರೊಳಗೆ ನಾನು. ಅದಿರೆಲ್ಲ ಚೀನಾದ ಹಡಗು ಹತ್ತುತ್ತಿದ್ದ ಕಾಲ ಅದು. ರಸ್ತೆ ಕಾಣದಷ್ಟು ಲಾರಿ, ಗಿಡದ ಎಲೆ ಕಾಣದಷ್ಟು ಕೆಂಪು ಧೂಳು. ಲಾರಿಯ ಮೇಲೊಂದು ಪದರ ಒಳ್ಳೆಯ ಅದಿರು ಹರಡಿ ಅಡಿಯಲ್ಲಿ ಮಣ್ಣು ತುಂಬಿರುತ್ತಾರೆ ಎಂದು ಮೊದಲೇ ನಂಬಿಕೊಂಡು ಆಳಕ್ಕೆ ಕೈ ಹಾಕಿ ಸ್ಯಾಂಪಲ್ ತೆಗೆಯಬೇಕು. ಕುಟ್ಟಬೇಕು, ಒಣಗಿಸಬೇಕು, ತೂಗಬೇಕು. ಐದು ವರ್ಷ ಇದನ್ನೇ ಮಾಡಿದವನಿಗೆ ಮನೆಯಲ್ಲಿ ಹಾಲು ಕೊಟ್ಟರೂ ಲೋಟದ ತಳ ನೋಡುವ ಚಾಳಿ ಬಂದುಬಿಡುತ್ತದೆ. ಮಲಪನಗುಡಿಯ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ನನ್ನ ತಾಯಿ ಓಣಿಯವರಿಗೆಲ್ಲ, "ಇವಂಗ ಹೆಣ್ಣು ಯಾರ್ ಕೊಡ್ತಾರವ್ವ, ಹೆಣ್ಣನ್ನೂ ಒಣಗ್ಸಿ ತೂಗಿ ನೋಡ್ತಾನ" ಎಂದು ಹೇಳಿಕೊಳ್ಳುತ್ತಿದ್ದಳು.

ಅಂಥ ನನ್ನನ್ನು ಒಂದು ದಿನ ಕ್ಯಾಂಪಿನ ಮ್ಯಾನೇಜರ್ ಕರೆದರು. ಹೊಸದಾಗಿ ಬಂದವರು. ಕೆಟ್ಟ ಮನುಷ್ಯರಲ್ಲ, ಆದರೆ ಅವರಿಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಒಂದೇ: ಎಡಗಡೆಯ ಅಂಕಿಯೂ ಬಲಗಡೆಯ ಅಂಕಿಯೂ ಟ್ಯಾಲಿ ಆಗಬೇಕು.

"ನೋಡಪಾ," ಅಂದರು, "ಸ್ಟೋರಿಗೆ ಅಕ್ಕಿ ಕಿಲೋದಾಗ ಬರ್ತೈತಿ. ಅಡಿಗಿಮನ್ಯಾಗ ಸೇರಿನ್ಯಾಗ ಖರ್ಚಾಗ್ತೈತಿ. ನಡುವ ಏನ್ ನಡೀತೈತಿ ಯಾರಿಗ್ ಗೊತ್ತು? ನೀ ಲ್ಯಾಬಿನಾಂವ. ಸೇರಿಗೆ ಎಷ್ಟು ಗ್ರಾಂ ಅಂತ ಒಂದು ಚಾರ್ಟ್ ಮಾಡಿ ಕೊಡು."

ಅರ್ಧ ದಿನದ ಕೆಲಸ ಎಂದುಕೊಂಡೆ. ಅದಿರಿನಲ್ಲಿ ನಾವು ದಿನಾ ಮಾಡುವುದೂ ಇದೇ ತಾನೆ. ಅದೇ ಡಬ್ಬಿಯಲ್ಲಿ ಗಟ್ಟಿ ಕಲ್ಲು ಒಂದು ತೂಕ ಕೊಡುತ್ತದೆ, ಪುಡಿ ಇನ್ನೊಂದು ತೂಕ ಕೊಡುತ್ತದೆ, ಒದ್ದೆ ಪುಡಿ ಮೂರನೆಯದು. ಅಕ್ಕಿ ಬೇಳೆ ಏನು ಮಹಾ.

ಮೆಸ್ಸಿನ ಅಡುಗೆ ನಡೆಸುತ್ತಿದ್ದವರು ಕಂಪ್ಲಿ ಕಡೆಯ ಒಬ್ಬ ಹಿರಿಯ ಹೆಂಗಸು. ಅರವತ್ತರ ಹತ್ತಿರದ ವಯಸ್ಸು, ಕ್ಯಾಂಪು ಶುರುವಾದಾಗಿನಿಂದ ಅಲ್ಲೇ ಇದ್ದರು, ಎಲ್ಲರ ಬಾಯಲ್ಲೂ ಅವ್ವ. ಇನ್ನೂರೈವತ್ತು ಜನರ ಅನ್ನ ಅವರ ಕೈಯಿಂದ ಇಳಿಯುತ್ತಿತ್ತು. ಅವರ ಅಳತೆಯ ಪಾತ್ರೆ ಒಂದು ಹಳೆಯ ಹಿತ್ತಾಳೆ ಸೇರು. ಅಂಚು ಸವೆದು ಬ್ಲೇಡಿನ ಹಾಗಾಗಿತ್ತು. ಅದನ್ನು ಕೇಳಿದಾಗ ಕೊಡಲು ಹಿಂದೆಮುಂದೆ ನೋಡಿದರು.

"ಇದರಾಗ ಅದಿರು ಗಿದಿರು ಹಾಕೀರಿ ಮತ್ತ. ಅನ್ನದ ಸೇರದು."

"ಇಲ್ಲಮ್ಮಾ, ನೀರು ಹಾಕ್ತೀನಿ, ಅಷ್ಟ."

"ನೀರಾದ್ರ ಹಾಕ್ರಿ. ಬಿಸಿಲಾಗ ಒಣಗ್ಸಿ ಕೊಡ್ರಿ."

ಲ್ಯಾಬಿಗೆ ತಂದು ಮೊದಲು ನೀರು ತುಂಬಿದೆ. ಒಂದು ಲೀಟರಿಗೆ ಹತ್ತು ಮಿಲಿ ಹೆಚ್ಚು ಹಿಡಿಯಿತು. ಆಮೇಲೆ ಒಂದೊಂದನ್ನೇ ತುಂಬಿ, ಅಂಚಿಗೆ ಸಮ ಸವರಿ, ಹತ್ತು ಸಲ ತೂಗಿ ಸರಾಸರಿ ತೆಗೆದೆ. ಮೆಸ್ಸಿನ ಸೋನಾ ಮಸೂರಿ ಅಕ್ಕಿ ಸೇರಿಗೆ ಎಂಟುನೂರೈವತ್ತು ಗ್ರಾಂ. ತೊಗರಿಬೇಳೆ ಎಂಟುನೂರ ಮೂವತ್ತು. ಪುಡಿ ಉಪ್ಪು ಒಂದು ಕಿಲೋ ಇನ್ನೂರು, ಅದೇ ಸೇರಿಗೆ ಕಲ್ಲುಪ್ಪು ಹಾಕಿದರೆ ನಡುನಡುವೆ ಗಾಳಿ ನಿಂತು ಒಂದು ಕಿಲೋ ಐವತ್ತಕ್ಕೆ ಇಳಿಯಿತು. ಖಾರದ ಪುಡಿ ಅರ್ಧ ಕಿಲೋವನ್ನೂ ಮುಟ್ಟಲಿಲ್ಲ. ನನ್ನನ್ನು ಕಾಡಿಸಿದ್ದು ಜೋಳದ ಹಿಟ್ಟು. ಜರಡಿ ಹಿಡಿದು ಹಗುರಾಗಿ ತುಂಬಿದರೆ ಐನೂರು ಗ್ರಾಂ, ಸೇರನ್ನು ಮೂರು ಸಲ ನೆಲಕ್ಕೆ ಕುಟ್ಟಿ ತುಂಬಿದರೆ ಏಳುನೂರು. ಯಾವುದನ್ನು ಬರೆಯುವುದು? ಓಡಿಹೋಗಿ ಅವ್ವನನ್ನೇ ಕೇಳಿದೆ.

"ಹಿಟ್ಟು ಯಾರ್ರೀ ಸೇರಿನ್ಯಾಗ ಅಳೀತಾರ?" ಅಂದರು. "ಮುದ್ದಿ ಕಟ್ಟಿದಾಗ ಕೈ ಹೇಳ್ತೈತಿ ಸಾಕು ಬ್ಯಾಡ ಅಂತ."

ಹಿಟ್ಟಿನ ಸಾಲನ್ನು ಹೊಡೆದು ಹಾಕಿದೆ. ಉಳಿದದ್ದನ್ನು ದೊಡ್ಡ ಹಾಳೆಯಲ್ಲಿ ಅಂದವಾಗಿ ಬರೆದು, ಕೆಳಗೆ ಸಹಿ ಹಾಕಿ, ಪ್ಲಾಸ್ಟಿಕ್ ಹಾಳೆ ಹೊದಿಸಿ ಅಡುಗೆಮನೆಯ ಗೋಡೆಗೆ ಹೊಡೆಸಿದೆ. ಅವ್ವನಿಗೆ ಓದಲು ಬರುತ್ತಿರಲಿಲ್ಲ. ಅವರು ಅದರ ಪಕ್ಕಕ್ಕೇ ಇದ್ದಿಲಿನಿಂದ ತಮ್ಮ ಗೀಟು ಎಳೆಯುತ್ತ ಹೋದರು. ಅಕ್ಕಿ ಬೇಯಿಸುವ ದೊಡ್ಡ ಪಾತ್ರೆಗೆ ನಮ್ಮ ಕಡೆ ಡಬರಿ ಅನ್ನುತ್ತೇವೆ. ಒಂದು ಡಬರಿಗೆ ಹತ್ತು ಸೇರು, ಡಬರಿಗೊಂದು ಗೀಟು. ದಿನಕ್ಕೆ ಆರು ಗೀಟು, ಮಧ್ಯಾಹ್ನಕ್ಕೆ ನಾಲ್ಕು, ರಾತ್ರಿಗೆ ಎರಡು. ಸಂಜೆ ಸ್ಟೋರ್‌ಕೀಪರ್ ಬಂದು ಗೀಟು ಎಣಿಸಿ "ಅಕ್ಕಿ ಅರವತ್ತು ಸೇರು" ಎಂದು ಬರೆದುಕೊಂಡು ಹೋಗುತ್ತಿದ್ದ.

ತಿಂಗಳ ಕೊನೆಗೆ ಮ್ಯಾನೇಜರ್ ಮತ್ತೆ ಕರೆದರು. ಮೇಜಿನ ಮೇಲೆ ನನ್ನ ಚಾರ್ಟಿನ ನಕಲು ಇತ್ತು.

"ಕುಂದ್ರು," ಅಂದರು. "ನಿನ್ನ ಚಾರ್ಟಿನ ಪ್ರಕಾರ ಈ ತಿಂಗಳು ಇಪ್ಪತ್ತೈದು ಕಿಲೋದ ಅರವತ್ತೊಂದು ಚೀಲ ಅಕ್ಕಿ ಖರ್ಚಾಗಬೇಕಿತ್ತು. ಖಾಲಿ ಆಗಿದ್ದು ಅರವತ್ತೇಳು. ಬ್ಯಾಳ್ಯಾಗ ಒಂದು ಚೀಲ ಹೆಚ್ಚು. ಎಣ್ಣಿ, ಉಪ್ಪು, ಖಾರ ಎಲ್ಲಾ ಸರಿ ಐತಿ. ಆರು ಚೀಲ ಅಕ್ಕಿ ಎಲ್ಲಿ ಹೋತು?"

ನಾನು ಅಂಕಿಗಳನ್ನು ಮತ್ತೆ ಕೂಡಿದೆ. ತಪ್ಪಿರಲಿಲ್ಲ. ದಿನಕ್ಕೆ ಸುಮಾರು ಐದು ಕಿಲೋ ಅಕ್ಕಿ ಚಾರ್ಟಿಗೂ ಚೀಲಕ್ಕೂ ನಡುವೆ ಮಾಯವಾಗುತ್ತಿತ್ತು.

"ಆ ಮುದುಕಿನ ತೆಗೀಬೇಕು," ಅಂದರು ಮ್ಯಾನೇಜರ್. "ಬರೇ ತೆಗದ್ರ ಸಾಲದು, ಸ್ಟೇಷನ್ನಿಗೂ ಒಂದು ಮಾತು ಹಾಕ್ತೀನಿ, ಉಳಿದೋರಿಗೂ ಬುದ್ಧಿ ಬರ್ಲಿ. ಬರೋ ಶನಿವಾರದೊಳಗ ನಿನ್ನ ಸಹಿ ಇರೋ ರಿಪೋರ್ಟ್ ಬೇಕು."

ಹೊರಗೆ ಬಂದಾಗ ನನಗೆ ದುಃಖವೇನೂ ಆಗಿರಲಿಲ್ಲ. ಸುಳ್ಳು ಹೇಳಬಾರದು, ಒಂದು ಬಗೆಯ ಖುಷಿಯೇ ಆಗಿತ್ತು. ನನ್ನ ಚಾರ್ಟು ಒಂದು ತಿಂಗಳಲ್ಲಿ ಕಳ್ಳತನ ಹಿಡಿದಿತ್ತಲ್ಲ. ಅವ್ವ ದಿನಾ ನನಗೆ ಅನ್ನ ಬಡಿಸುವವರು ಎಂಬುದು ಆಗ ಲೆಕ್ಕಕ್ಕೇ ಬರಲಿಲ್ಲ. ಮಧ್ಯಾಹ್ನದ ಸ್ಯಾಂಪಲ್‌ಗಳು ಒಲೆಯಿಂದ ಇಳಿದ ಮೇಲೆಯೇ ನಮ್ಮ ಲ್ಯಾಬಿನವರಿಗೆ ಊಟ, ಮೂರು ಗಂಟೆ ಆಗುತ್ತಿತ್ತು. ಅಷ್ಟು ಹೊತ್ತಿಗೆ ಮೆಸ್ಸು ಖಾಲಿ. "ಬರ್ರಿ, ಕುಂದ್ರಿ" ಎಂದು ಅವ್ವ ತಾವೇ ತಟ್ಟೆ ಇಡುತ್ತಿದ್ದರು. ನಾನು ಈ ಕ್ಯಾಂಪಿಗೆ ಬಂದ ಎರಡು ವರ್ಷದಿಂದ ಹೀಗೇ.

ಅನುಮಾನಕ್ಕೂ ಒಂದು ಕ್ರಮ ಇರಬೇಕು. ಮೊದಲು ಯಂತ್ರ, ಆಮೇಲೆ ಸರಕು, ಕೊನೆಗೆ ಮನುಷ್ಯ. ಅಂದೂ ಶನಿವಾರವೇ, ಅದೇ ಸಂಜೆ ಸ್ಟೋರಿನ ತಕ್ಕಡಿಯ ಮೇಲೆ ಲ್ಯಾಬಿನ ಪ್ರಮಾಣದ ತೂಕದ ಬಟ್ಟುಗಳನ್ನು ಇಟ್ಟು ನೋಡಿದೆ. ಹತ್ತು ಗ್ರಾಂ ಕೂಡ ಆಚೀಚೆ ಇಲ್ಲ. ಐದು ಚೀಲ ತೂಗಿದೆ, ಐದರಲ್ಲೂ ಅಕ್ಕಿ ಪೂರ್ತಿ ಇಪ್ಪತ್ತೈದು ಕಿಲೋ. ಹೊಸ ಅಕ್ಕಿ ಒಣಗಿ ತೂಕ ಇಳಿಯುತ್ತದೇನೋ ಎಂದು ಒಂದು ಚೀಲವನ್ನು ಲ್ಯಾಬಿನಲ್ಲೇ ಇಟ್ಟು ದಿನಾ ತೂಗುವುದೆಂದು ತೀರ್ಮಾನಿಸಿದೆ. ಮುಂದಿನ ನಾಲ್ಕು ದಿನದಲ್ಲಿ ಅದು ನೂರು ಗ್ರಾಂ ಕೂಡ ಇಳಿಯಲಿಲ್ಲ. ಸ್ಟೋರ್‌ಕೀಪರನ ಮೇಲೆ ಕಣ್ಣಿಟ್ಟೆ. ಅವನು ಬೀಗದ ಕೈಯನ್ನು ಜನಿವಾರದ ಹಾಗೆ ಮೈಮೇಲೆ ಹಾಕಿಕೊಂಡು ತಿರುಗುವ ಪುಕ್ಕಲ. ಚೀಲಗಳು ಹೊಲಿಗೆ ಬಿಚ್ಚದೆ ಅಡುಗೆಮನೆಗೆ ಹೋಗುತ್ತಿದ್ದವು. ಉಳಿದದ್ದು ಅಡುಗೆಮನೆ ಒಂದೇ.

ಭಾನುವಾರ ಅವ್ವನಿಗೆ ರಜೆ, ಬೆಳಿಗ್ಗೆ ಅಕ್ಕಿ ಬೇಳೆ ಅಳೆದು ಕೊಟ್ಟು ಹೊರಟರೆ ಆ ದಿನದ ಅಡುಗೆ ಸಹಾಯಕರದು. ಪ್ರತಿ ಭಾನುವಾರ ಅವರು ಒಂದು ಹಳೆಯ ಎಣ್ಣೆ ಡಬ್ಬಿಯನ್ನು ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ಕಂಪ್ಲಿಯ ತಂಗಿಯ ಮನೆಗೆ ಹೋಗುತ್ತಾರೆ ಎಂದು ಸ್ಟೋರ್‌ಕೀಪರ್ ನನ್ನ ಕಿವಿಗೆ ಹಾಕಿದ್ದ. ಅಷ್ಟು ಸಾಕಾಯಿತು. ಅವರು ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸು ಹತ್ತುವ ಹೊತ್ತಿಗೆ ನಾನೂ ಅಲ್ಲಿದ್ದೆ. ಮಲಪನಗುಡಿಗೆ ಹೋಗುವವನಿಗೆ ಅದೇ ಬಸ್ಸು, ಯಾರೂ ಏನೂ ಅನ್ನುವ ಹಾಗಿಲ್ಲ.

ಬುದ್ಧಿ ಒಂದು ಮಾತು ಹೇಳಿತ್ತು: ಡಬ್ಬಿ ವಾರಕ್ಕೊಂದು, ಕಾಣೆಯಾಗುವುದು ದಿನಕ್ಕೊಂದು ಡಬ್ಬಿ. ಡಬ್ಬಿ ತುಂಬ ಅಕ್ಕಿ ಇದ್ದರೂ ಒಂದು ದಿನದ ಲೆಕ್ಕವಷ್ಟೇ ತೀರುತ್ತದೆ. ಅನುಮಾನ ಒಳಗೆ ಕೂತಾಗ ಗಣಿತಕ್ಕೆ ಯಾರು ಕಿವಿ ಕೊಡುತ್ತಾರೆ.

"ಕೊಡ್ರಿ ಅಮ್ಮಾ, ಮ್ಯಾಲ ಏರಿಸ್ತೀನಿ," ಎಂದು ಡಬ್ಬಿಗೆ ಕೈ ಹಾಕಿದೆ. ಎತ್ತಿದ ಕೂಡಲೇ ನನ್ನ ಕೈ ತೂಗಿತು: ಐದು ಕಿಲೋ. ಎತ್ತಿ ಹಿಡಿದವನು ಹಾಗೇ ನಿಂತುಬಿಟ್ಟೆ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ತಿಳಿಯಿತು. ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಸೀಟಿನ ಮೇಲೆ ಇಟ್ಟು ಗಂಟು ಬಿಚ್ಚಿದರು.

"ನೋಡ್ರಿ. ಕೈ ಹಾಕಿ ತಳದ ತನಕ ನೋಡ್ರಿ. ಲಾರ್‍ಯಾಗ ನೋಡ್ತೀರಲ್ಲ, ಹಂಗ ನೋಡ್ರಿ."

ಬಸ್ಸಿನ ಜನವೆಲ್ಲ ತಿರುಗಿತು. ನಾನು ಕೈ ಹಾಕಿದೆ. ಹಾಕಬಾರದಿತ್ತು, ಆದರೆ ಹಾಕಿದೆ, ತಳದ ತನಕ. ಒಣಗಿಸಿದ ಅನ್ನ. ಡಬರಿಯ ತಳಕ್ಕೆ ಹತ್ತಿ ಸೀದುಹೋದದ್ದನ್ನು ಕೆರೆದು ಬಿಸಿಲಿಗೆ ಒಣಗಿಸಿದ್ದು, ಕಂದು ಬಣ್ಣದ ಗಟ್ಟಿ ಕಾಳು.

"ತಂಗಿ ಮನಿ ಕೋಳಿಗೆ," ಅಂದರು ಅವ್ವ, ಗಂಟು ಕಟ್ಟುತ್ತ. "ನಿಮ್ಮ ಮ್ಯಾನೇಜರಿಗೆ ಬೇಕಂದ್ರ ಒಂದು ಹಿಡಿ ಒಯ್ರಿ."

ಮಲಪನಗುಡಿಯಲ್ಲಿ ಇಳಿಯುವ ತನಕ ನಾನು ಕಿಟಕಿಯಿಂದ ಹೊರಗೇ ನೋಡಿದೆ. ನಾಚಿಕೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಆ ಅರ್ಧ ಗಂಟೆಯನ್ನು ತೋರಿಸಿಯೇನು. ಆದರೆ ನನ್ನ ಸ್ವಭಾವ ಎಂಥದ್ದೆಂದರೆ, ಮನೆಗೆ ಬಂದು ಕೈ ತೊಳೆಯುವ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ ಎದ್ದಿತ್ತು. ಸರಿ, ಡಬ್ಬಿಯಲ್ಲಿ ಇಲ್ಲ. ಹಾಗಾದರೆ ಆ ಐದು ಕಿಲೋ ಎಲ್ಲಿ?

ಸೋಮವಾರ ಅಡುಗೆಮನೆಗೆ ಹೋಗಿ, "ಅಮ್ಮಾ, ಒಂದು ಸೇರು ಅಳದು ತೋರಿಸ್ರಿ," ಅಂದೆ. ಸೇರಿನ ಮೇಲೆ ಅಕ್ಕಿಯ ಗೋಪುರ ಕಟ್ಟುತ್ತಾರೋ ಏನೋ, ಗೋಪುರವೇ ಒಂದು ಹಿಡಿ ಆಗುತ್ತದೆ ಎಂಬುದು ನನ್ನ ಅಂದಾಜು. ಅವರು ತುಂಬಿ, ಅಂಗೈಯಿಂದ ಅಂಚಿಗೆ ಸಮ ಸವರಿ, ನನ್ನ ಮುಂದೆ ಹಿಡಿದರು. ಒಯ್ದು ತೂಗಿದೆ. ಎಂಟುನೂರೈವತ್ತಕ್ಕೆ ಎರಡು ಗ್ರಾಂ ಕಡಿಮೆ. ನನ್ನ ಕೈಗಿಂತ ಅವರ ಕೈ ನಿಖರವಾಗಿತ್ತು. ನಾನು ನೋಡುತ್ತೇನೆ ಎಂದು ಸವರಿದರೇನೋ ಎಂದು ಅದಕ್ಕೂ ಒಂದು ಅನುಮಾನ ಹಚ್ಚಿದೆ.

ಮಂಗಳವಾರ ಊಟದವರ ಪಟ್ಟಿ ತರಿಸಿಕೊಂಡೆ. ಇನ್ನೂರೈವತ್ತು ಹೆಸರು, ಪ್ರತಿ ಹೆಸರಿಗೂ ಒಂದು ತಗಡಿನ ಟೋಕನ್. ಸತ್ತವರದ್ದೋ ಕೆಲಸ ಬಿಟ್ಟವರದ್ದೋ ಹೆಸರು ಸೇರಿಸಿ ಅನ್ನ ಬೇರೆ ಕಡೆ ಸಾಗಿಸುತ್ತಿರಬಹುದು. ಒಂದೊಂದೇ ಹೆಸರಿಗೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ. ಎಲ್ಲರೂ ಇದ್ದವರೇ. ಬುಧವಾರ ಅಡುಗೆಮನೆಯ ಹಿಂಬಾಗಿಲು ಕಾದೆ. ಲಾರಿಯಿಂದ ರಸ್ತೆಗೆ ಚೆಲ್ಲಿದ ಅದಿರು ಗುಡಿಸುವ ಹೆಂಗಸರು, ತಿರುವಿನಲ್ಲಿ ಲಾರಿ ಕೆಟ್ಟು ನಿಂತ ಡ್ರೈವರುಗಳು ಎರಡೂವರೆಯ ಮೇಲೆ ಆ ಬಾಗಿಲಿಗೆ ಬರುತ್ತಿದ್ದರು. ಒಳಗೆ ಬರಿಗೈಲಿ ಹೋಗುತ್ತಿದ್ದರು, ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬರಿಗೈಲಿ ಬರುತ್ತಿದ್ದರು. ಯಾರ ಮಡಿಲಲ್ಲೂ ಒಂದು ಕಾಳು ಅಕ್ಕಿ ಇರಲಿಲ್ಲ.

ಗುರುವಾರ ಮಧ್ಯಾಹ್ನ ಲ್ಯಾಬಿನಲ್ಲಿ ಕೂತು ರಿಪೋರ್ಟು ಬರೆಯಲು ತೆಗೆದೆ. "ಅಡುಗೆಮನೆಯಲ್ಲಿ ಪ್ರತಿದಿನ ಸುಮಾರು ಐದು ಕಿಲೋ ಅಕ್ಕಿ ಕಾರಣವಿಲ್ಲದೆ ಕಡಿಮೆಯಾಗುತ್ತಿದೆ" ಎಂದು ಬರೆದೆ. ಆ ಸಾಲು ನಿಜ. ಅದರ ಕೆಳಗೆ ನನ್ನ ಸಹಿ ಬಿದ್ದರೆ ಆ ಹೆಂಗಸು ಕಳ್ಳಿಯ ಹೆಸರು ಹೊತ್ತು ಕಂಪ್ಲಿಯ ಬಸ್ಸು ಹತ್ತಬೇಕು, ಬಹುಶಃ ಅದಕ್ಕೂ ಮೊದಲು ಸ್ಟೇಷನ್ನಿನ ಬೆಂಚಿನ ಮೇಲೆ ಕೂರಬೇಕು. ಬಸ್ಸಿನಲ್ಲಿ ಗಂಟು ಬಿಚ್ಚಿದ ಆ ಕೈ ನೆನಪಾಯಿತು. ಪೆನ್ನು ಮುಂದೆ ಹೋಗಲಿಲ್ಲ.

ಆಗ ಹೊಳೆದದ್ದು ನಮ್ಮ ಕೆಲಸದ ಮೊದಲ ಪಾಠವೇ. ಗುಡ್ಡೆಯಿಂದ ಆರಿಸಿ ತಂದ ಒಂದು ಕಲ್ಲನ್ನು ಪರೀಕ್ಷೆ ಮಾಡಿ ಗುಡ್ಡೆಯ ಬಗ್ಗೆ ಮಾತಾಡಬಾರದು. ನಾನು ಮಾಡಿದ್ದು ಅದನ್ನೇ. ಒಂದು ಸೇರು ತೂಗಿದ್ದೆ, ಇಡೀ ಡಬರಿಯನ್ನು ಒಂದು ದಿನವೂ ತೂಗಿರಲಿಲ್ಲ. ಅವ್ವ ದಿನದ ಅಕ್ಕಿಯನ್ನೆಲ್ಲ ಬೆಳಗಿನ ಐದಕ್ಕೇ ಅಳೆಯುತ್ತಿದ್ದರು. ಹೊಸಪೇಟೆಯಿಂದ ಬರುವ ಕಂಪನಿ ಬಸ್ಸು ನನ್ನನ್ನು ಇಳಿಸುತ್ತಿದ್ದುದು ಏಳಕ್ಕೆ. ಆ ಹೊತ್ತಿಗೆ ಅಕ್ಕಿ ತೊಳೆದು ಆಗಿರುತ್ತಿತ್ತು. ರಿಪೋರ್ಟನ್ನು ಡ್ರಾಯರಿನೊಳಗೆ ತುರುಕಿ, ಮನೆಗೆ ಹೋಗದೆ ಕ್ಯಾಂಪಿನಲ್ಲೇ ಉಳಿದೆ.

ಶುಕ್ರವಾರ ಬೆಳಿಗ್ಗೆ ಐದಕ್ಕೆ ಸ್ಟೋರಿನ ತಕ್ಕಡಿಯನ್ನು ಅಡುಗೆಮನೆಗೆ ಹೊರಿಸಿಕೊಂಡು ಹೋದೆ. ಅವ್ವ ನೋಡಿದರು, ಬೇಡ ಅನ್ನಲಿಲ್ಲ, ಬಾ ಅನ್ನಲೂ ಇಲ್ಲ.

"ಡಬರಿನ ಇದರ ಮ್ಯಾಲ ಇಟ್ಟು ಅಳೀರಿ ಅಮ್ಮಾ. ನೀವ್ ದಿನಾ ಹೆಂಗ್ ಮಾಡ್ತೀರಿ ಹಂಗ ಮಾಡ್ರಿ. ನಾ ಏನೂ ಕೇಳಂಗಿಲ್ಲ."

"ಕೇಳಿದ್ರೂ ನಂಬೋರಲ್ಲ ಬಿಡ್ರಿ ನೀವು," ಎಂದು ಮಣೆ ಎಳೆದುಕೊಂಡು ಕೂತರು.

ಖಾಲಿ ಡಬರಿಯ ತೂಕವನ್ನು ಬರೆದುಕೊಂಡೆ. ಅವ್ವ ಮೂಡಣಕ್ಕೆ ಮುಖ ಮಾಡಿ, ಸೇರನ್ನು ಅಕ್ಕಿಗೆ ಇಳಿಸಿ, ಸವರಿ, ಕಣ್ಣಿಗೆ ಒತ್ತಿಕೊಂಡು, "ಲಾಭ" ಎಂದು ಡಬರಿಗೆ ಸುರಿದರು. ಇದೇನೂ ನನಗೆ ಹೊಸದಲ್ಲ. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲನೆಯದನ್ನು ಯಾರೂ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ನನ್ನ ತಾಯಿಯೂ ಹಾಗೇ. ಆದ್ದರಿಂದ ನನ್ನ ಕಿವಿ ಅತ್ತ ಹೋಗಲಿಲ್ಲ, ಕಣ್ಣೆಲ್ಲ ಅವರ ಅಂಗೈ ಮೇಲಿತ್ತು. ಪ್ರತಿ ಸೇರನ್ನೂ ಅವರು ಸವರುತ್ತಿದ್ದರು. ಒಂದು ಕಾಳಿನ ಗೋಪುರವೂ ಇರಲಿಲ್ಲ. "ಹತ್ತು" ಎಂದರು, ಎದ್ದು ಗೋಡೆಗೆ ಒಂದು ಗೀಟು ಎಳೆದರು.

ಹತ್ತು ಸೇರಿಗೆ ಎಂಟೂವರೆ ಕಿಲೋ ಬರಬೇಕಿತ್ತು. ಡಬರಿಯ ತೂಕ ಕಳೆದು ನೋಡಿದರೆ ಒಂಬತ್ತು ಕಿಲೋ ಮುನ್ನೂರೈವತ್ತು.

ತಕ್ಕಡಿ ಕೆಟ್ಟಿದೆ ಅಂದುಕೊಂಡೆ. ತೂಕದ ಬಟ್ಟು ಇಟ್ಟು ನೋಡಿದೆ, ಕೆಟ್ಟಿಲ್ಲ. ಎರಡನೆಯ ಡಬರಿ: ಒಂಬತ್ತು ಕಿಲೋ ಮುನ್ನೂರ ನಲವತ್ತು. ಮೂರನೆಯದಕ್ಕೆ ಕಣ್ಣು ಮುಚ್ಚಿ ಕೂತೆ. ಕೈಯಲ್ಲಿ ತಪ್ಪಿಲ್ಲ ಎಂದ ಮೇಲೆ ಕೈಯನ್ನು ನೋಡಿ ಏನು ಪ್ರಯೋಜನ. ಅಕ್ಕಿ ಬೀಳುವ ಸದ್ದಿಗೆ ಒಂದೊಂದು ಬೆರಳು ಮಡಿಚಿದೆ.

"ಲಾಭ," ಅಂದರು ಅವ್ವ. ಅಕ್ಕಿ ಸುರಿಯಿತು. "ಒಂದು," ಅಂದರು. ಅಕ್ಕಿ ಸುರಿಯಿತು. "ಎರಡು."

ನಾನು ಕಣ್ಣು ತೆರೆದೆ. ಹತ್ತು ಎನ್ನುವ ಹೊತ್ತಿಗೆ ನನ್ನ ಎರಡೂ ಕೈಯ ಬೆರಳು ಮುಗಿದು ಒಂದು ಸದ್ದು ಹೆಚ್ಚಾಗಿ ಉಳಿದಿತ್ತು. ಹನ್ನೊಂದನ್ನು ಎಂಟುನೂರೈವತ್ತರಿಂದ ಗುಣಿಸಿದೆ. ಒಂಬತ್ತು ಕಿಲೋ ಮುನ್ನೂರೈವತ್ತು. ಆರು ಡಬರಿಗೆ ಆರು ಸೇರು, ಅಂದರೆ ದಿನಕ್ಕೆ ಐದು ಕಿಲೋ ಚಿಲ್ಲರೆ. ಬೇಳೆಗೂ ದಿನಕ್ಕೊಂದು ಲಾಭ, ತಿಂಗಳಿಗೆ ಸರಿಯಾಗಿ ಒಂದು ಚೀಲ. ಎಣ್ಣೆ, ಉಪ್ಪು, ಖಾರಕ್ಕೆ ಲಾಭ ಹೇಳುವ ಪದ್ಧತಿ ಇಲ್ಲ, ಅದಕ್ಕೇ ಅವು ಟ್ಯಾಲಿ ಆಗಿದ್ದವು.

"ಅಮ್ಮಾ," ಅಂದೆ. "ಲಾಭ ಅಂದ್ರ ಒಂದಲ್ಲೇನು? ನಮ್ಮನ್ಯಾಗ ಲಾಭ, ಎರಡು, ಮೂರು ಅಂತಾರ."

"ನಿಮ್ಮನ್ಯಾಗ ಹಂಗಿರಬೌದ್ರಿ. ನಮ್ಮಪ್ಪ ಕಂಪ್ಲ್ಯಾಗ ಕಣದ ಮ್ಯಾಲ ಭತ್ತ ಅಳಿಯಾಂವ. ಮೊದಲ್ನೇದು ಲಾಭ, ಅದು ಎಣಿಕ್ಯಾಗ ಬರಂಗಿಲ್ಲ. ಕಣಕ್ಕ ಬಂದು ನಿಂತೋರ್ದು ಅದು. ಆಮ್ಯಾಲ ಒಂದು."

"ಮತ್ತ ನನಗ್ಯಾಕ ಹೇಳ್ಲಿಲ್ಲ? ನಿಮ್ಮ ಕೆಲಸಾನ ಹೋಗ್ತಿತ್ತಲ್ಲಮ್ಮಾ. ಕಳ್ಳತನದ ಕೇಸ್ ಹಾಕೋರಿದ್ರು."

ಅವರು ಸೇರನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನು ನೋಡಿದರು.

"ನೀವ್ ಕೇಳಿದ್ದು ಒಂದು ಸೇರಿಗೆ ಎಷ್ಟು ತೂಕ ಅಂತ. ಹತ್ತು ಸೇರಿಗೆ ಎಷ್ಟು ಸೇರು ಅಂತ ಯಾವಾಗ ಕೇಳಿದ್ರಿ?" ಸೇರಿನ ಅಂಚು ಒರೆಸುತ್ತ ಮತ್ತೆ, "ನಾ ಹತ್ತು ಅಂತ ಹೇಳಿ ಹನ್ನೊಂದು ಹಾಕೀನಿ, ಖರೆ. ಹಾಕಿದ್ದು ಡಬರಿಗ್ರಿ. ನಿಮ್ಮ ಲಾರಿ ಹತ್ತು ಅಂತ ಬರಸಿ ಎಷ್ಟು ಹೊತ್ಕೊಂಡ್ ಹೋಗ್ತಾವು, ಅದನ್ನ ತೂಗೀರೇನು?"

ನನ್ನ ಕಿಟಕಿಯ ಎದುರೇ ಹೋಗುತ್ತಿದ್ದವು ಆ ಲಾರಿಗಳು, ಅಂಚಿನ ಮೇಲೆ ಗೋಪುರ ಕಟ್ಟಿಕೊಂಡು. ಅದಿರಿನ ಗುಣ ನೋಡುವುದು ನನ್ನ ಕೆಲಸ, ತೂಕ ನೋಡುವವರು ಬೇರೆ ಎಂದು ಎಷ್ಟೋ ದಿನದಿಂದ ನನಗೆ ನಾನೇ ಹೇಳಿಕೊಂಡಿದ್ದೆ.

ಶನಿವಾರ ಹೊಸ ರಿಪೋರ್ಟು ಕೊಟ್ಟೆ. ಹಳೆಯದನ್ನು ಹರಿದು ಹಾಕಿದ್ದೆ. ಮೂರು ಡಬರಿಯ ತೂಕ, ಹನ್ನೊಂದರ ಲೆಕ್ಕ, ಕಣದ ಪದ್ಧತಿ, ಎಲ್ಲವನ್ನೂ ಬರೆದು, "ಕಳ್ಳತನ ನಡೆದಿಲ್ಲ" ಎಂಬ ಸಾಲಿನ ಕೆಳಗೆ ಗೆರೆ ಎಳೆದಿದ್ದೆ. ಮ್ಯಾನೇಜರ್ ಎರಡು ಸಲ ಓದಿದರು. ಅವರ ಮುಖದಲ್ಲಿ ನಿಜವಾಗಿಯೂ ಸಮಾಧಾನ ಕಂಡಿತು.

"ಹಂಗಾದ್ರ ಮುದುಕಿ ಕಳ್ಳಿ ಅಲ್ಲ. ಛಲೋ ಆತು, ನನಗೂ ಮನಸ್ಸಿರಲಿಲ್ಲ." ಪೆನ್ನಿನ ಮುಚ್ಚಳ ಹಾಕಿದರು. "ಸೋಮವಾರದಿಂದ ಲಾಭಕ್ಕ ಒಂದು ಅನ್ನು ಅಂತ ಹೇಳು. ಹತ್ತು ಅಂದ್ರ ಹತ್ತು. ಟ್ಯಾಲಿ ಆಗ್ತೈತಿ."

ನ್ಯಾಯದ ಮಾತೇ ಅನ್ನಿಸಿತು. ಓಡೋಡಿ ಅವ್ವನಿಗೆ ಹೇಳಿದೆ. ಅವರ ಕೆಲಸ ಉಳಿಸಿದ್ದೇನೆ, ಹೆಸರು ಉಳಿಸಿದ್ದೇನೆ, ಒಂದು ನಗುವನ್ನಾದರೂ ಕೊಡುತ್ತಾರೆ ಎಂದು ಕಾದೆ. ಅವರು ಈಳಿಗೆಮಣೆಯಿಂದ ಕಣ್ಣೆತ್ತದೆ, "ಆತ್ರಿ," ಅಂದರು, ಅಷ್ಟೇ. ಈ ಹೆಂಗಸಿಗೆ ಎಷ್ಟು ಮಾಡಿದರೂ ಇಷ್ಟೇ ಎಂದುಕೊಂಡು ಹೊರಟೆ.

ಸೋಮವಾರ ಮಧ್ಯಾಹ್ನ ಸ್ಯಾಂಪಲ್‌ಗಳನ್ನು ಇಳಿಸಿ, ಕೈ ತೊಳೆದು, ಮೂರಕ್ಕೆ ಮೆಸ್ಸಿಗೆ ಹೋದೆ. ಹಸಿವು ಚುರುಚುರು ಅನ್ನುತ್ತಿತ್ತು. ಹಿಂಬಾಗಿಲಿನ ಹೊರಗೆ ಅದಿರು ಗುಡಿಸುವ ಹೆಂಗಸರು ಐದಾರು ಜನ ಗೋಡೆಗೆ ಒರಗಿ ಕೂತಿದ್ದರು.

"ಒಳಗ ಹೋಗಿ ಉಣ್ರಲ್ಲ," ಅಂದೆ.

"ಇಲ್ಲಂತ್ರಿ ಇವತ್ತು," ಅಂದಳು ಒಬ್ಬಳು, ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತ.

ಒಳಗೆ ನಾಲ್ಕು ಡಬರಿಗಳೂ ಬೋರಲಾಗಿದ್ದವು. ನನ್ನ ಮಾಮೂಲಿ ಜಾಗದಲ್ಲಿ ತಟ್ಟೆ ಇರಲಿಲ್ಲ. ಅವ್ವ ಗೋಡೆಯ ಬಳಿ ನಿಂತಿದ್ದರು, ನನ್ನ ಚಾರ್ಟಿನ ಪಕ್ಕಕ್ಕೆ.

"ಅನ್ನ ಇಲ್ಲೇನಮ್ಮಾ?"

"ನಿಮ್ಮ ಟೋಕನ್ ಕೊಡ್ರಿ."

"ನನ್ನ ಟೋಕನ್?"

"ಇನ್ನೂರೈವತ್ತು ಟೋಕನ್ ಬಂದು ಉಂಡು ಹೋದವು. ಹತ್ತಂದ್ರ ಹತ್ತು ಸೇರು ಹಾಕೀನ್ರಿ, ಲೆಕ್ಕ ಸರಿ ಐತಿ."

ಮಂಗಳವಾರ ಕೈಯಲ್ಲಿ ಪೆನ್ಸಿಲು ಹಿಡಿದು ಇನ್ನೂರೈವತ್ತು ಹೆಸರಿಗೆ ಗುರುತು ಹಾಕಿದ್ದೆನಲ್ಲ, ಆ ಪಟ್ಟಿ ಕಣ್ಣ ಮುಂದೆ ಬಂತು. ಸುಳ್ಳು ಹೆಸರು ಇದೆಯೇ ಎಂದು ಹುಡುಕಿದ್ದೆ. ನನ್ನ ಹೆಸರು ಇದೆಯೇ ಎಂದು ನೋಡಿರಲಿಲ್ಲ. ಲ್ಯಾಬಿನ ಕೆಲಸ ಬೇರೆ ಗುತ್ತಿಗೆಯವರದು, ಮೆಸ್ಸಿನ ಪಟ್ಟಿಯಲ್ಲಿ ನಾವು ಆರು ಜನ ಯಾವತ್ತೂ ಇರಲೇ ಇಲ್ಲ. ಎರಡು ವರ್ಷ ಆ ಹನ್ನೊಂದನೆಯ ಸೇರನ್ನು ಉಂಡವನು ನಾನು. ವಾರವಿಡೀ ಹುಡುಕಿದ ಐದು ಕಿಲೋದಲ್ಲಿ ಒಂದು ಪಾಲು ದಿನಾ ಮೂರು ಗಂಟೆಗೆ ನನ್ನ ಹೊಟ್ಟೆಯಲ್ಲೇ ಇತ್ತು.

ಅವ್ವ ಒಳಗೆ ಹೋಗಿ ಒಂದು ಮುಚ್ಚಿದ ತಟ್ಟೆ ತಂದರು. ಅಡುಗೆಯವರು ಕೊನೆಗೆ ಉಣ್ಣುವವರು, ಅದು ಅವರ ಪಾಲು. ಅರ್ಧ ಅನ್ನವನ್ನು ಇನ್ನೊಂದು ತಟ್ಟೆಗೆ ಸರಿಸಿ ನನ್ನ ಮುಂದೆ ಇಟ್ಟರು. ಅಲ್ಲಿಯ ತನಕ ನನ್ನನ್ನು ಬಹುವಚನದಲ್ಲಷ್ಟೇ ಮಾತಾಡಿಸಿದವರು, "ಉಣ್ಣು ಯಪ್ಪಾ, ಹಸಗೊಂಡು ಬಂದೀದಿ," ಅಂದರು. ಉಂಡೆ. ಬೇಡ ಅನ್ನುವ ಮುಖವೂ ನನಗೆ ಉಳಿದಿರಲಿಲ್ಲ. ಹೊರಗೆ ಆ ಹೆಂಗಸರು ಎದ್ದು ಪೊರಕೆ ತೆಗೆದುಕೊಂಡು ಹೋಗುವುದು ಬಾಗಿಲಿನಿಂದ ಕಾಣುತ್ತಿತ್ತು.

ಅಲ್ಲಿಂದ ನೇರವಾಗಿ ಮ್ಯಾನೇಜರ್ ಹತ್ತಿರ ಹೋದೆ.

"ಸರ್, ಚಾರ್ಟ್ ತಿದ್ದಬೇಕು. ಸೇರು ಊರಿಗೊಂದು ಥರ ಇರ್ತೈತಿ, ಅದನ್ನ ನಂಬಬಾರ್ದು. ಇನ್ನು ಮ್ಯಾಲ ಡಬರಿ ಲೆಕ್ಕ ಇಡೋಣ. ಡಬರಿಗೆ ಒಂಬತ್ತು ಕಿಲೋ ಮುನ್ನೂರೈವತ್ತು. ನಾನ ತೂಗೀನಿ."

ಅವರು ಪರ್ಮಿಟ್ ಕಾಗದಗಳ ಗುಡ್ಡೆಯಿಂದ ತಲೆ ಎತ್ತಲಿಲ್ಲ.

"ಟ್ಯಾಲಿ ಆಗ್ತೈತೇನು?"

"ಗ್ರಾಮಿಗೆ ಗ್ರಾಂ."

"ಹಾಕು ಮತ್ತ."

ಆ ದಿನವೂ ಕ್ಯಾಂಪಿನಲ್ಲೇ ಉಳಿದೆ. ಬೆಳಿಗ್ಗೆ ಐದಕ್ಕೆ ಹಳೆಯ ಹಾಳೆ ಕಿತ್ತು ಹೊಸದನ್ನು ಹೊಡೆದೆ. ಅಕ್ಕಿಯ ಸಾಲಿನಲ್ಲಿ ಈಗ ಸೇರು ಎಂಬ ಮಾತೇ ಇರಲಿಲ್ಲ, ಡಬರಿ ಮಾತ್ರ ಇತ್ತು. ಬೇಳೆಯ ಸಾಲನ್ನೂ ಹಾಗೇ ತಿದ್ದಿದ್ದೆ. ಯಾರಾದರೂ ನನ್ನಂಥವನು ಬಂದು ಆಳಕ್ಕೆ ಕೈ ಹಾಕಿದರೆ ಅನುಮಾನ ಪಡಬೇಕಾದ ಸಾಲು ಅದೇ, ಅದರ ಕೆಳಗಿನ ಸಹಿ ನನ್ನದೇ. ಅವ್ವನಿಗೆ ಇದಾವುದನ್ನೂ ಹೇಳಿರಲಿಲ್ಲ. ಅವರು ಮಣೆಯ ಮೇಲೆ ಕೂತು, ಸೇರು ತುಂಬಿ, ಸವರಿ, ಕಣ್ಣಿಗೆ ಒತ್ತಿಕೊಳ್ಳದೆ ಡಬರಿಯ ಮೇಲೆ ಹಿಡಿದರು.

"ಒಂದು," ಅಂದರು.

"ಅಮ್ಮಾ," ಅಂದೆ, "ಲಾಭ ಅನ್ರಿ."

ಅವರ ಕೈ ನಿಂತಿತು. ಗೋಡೆಯ ಹೊಸ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ಸೇರಿನ ಅಕ್ಕಿಯನ್ನು ಚೀಲಕ್ಕೆ ವಾಪಸು ಸುರಿದು, ಮತ್ತೆ ತುಂಬಿ, ಸವರಿ, ಕಣ್ಣಿಗೆ ಒತ್ತಿಕೊಂಡರು.

"ಲಾಭ."

ಆರು ಗೀಟು ಮುಗಿಯುವ ತನಕ ಅಲ್ಲೇ ಕೂತಿದ್ದೆ. ಎದ್ದು ಹೊರಡುವಾಗ ಅವ್ವ ಅಕ್ಕಿ ತೊಳೆಯಲು ಕೊಡ ಎತ್ತುತ್ತಿದ್ದರು. ನನ್ನ ಕಡೆ ತಿರುಗದೆಯೇ ಹೇಳಿದರು.

"ಮೂರಕ್ಕ ಬಾ ಯಪ್ಪಾ ಊಟಕ್ಕ. ಹೊರಗ ಆ ಹೆಣ್ಮಕ್ಕಳು ಕಂಡ್ರ ಅವರಿಗೂ ಹೇಳು."